ಕೃತಕ ಧಮನಿಯೂ ಅದರ ಅಂತರ್ವೃದ್ಧಿಯೂ

ಛಿನ್ನವಾದ ರಕ್ತನಾಳಗಳನ್ನು ಹೊಲಿದು ಕೂಡಿಸುವ ಕ್ರಮವನ್ನು ಪರಿಷ್ಕರಿಸಿದ ಅಲೆಕ್ಸಿಸ್ ಕ್ಯಾರೆಲ್ ಪಂಡಿತನಿಗೆ 1912ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ನಾಳವೇ ನಷ್ಟವಾದೆಡೆ ಅದರ ಸ್ಥಾನದಲ್ಲಿ ಇಡತಕ್ಕದ್ದು ಯಾವುದೆಂಬ ಪ್ರಶ್ನೆಯು ಉಳಿದೇ ಇತ್ತು. 1947ರಲ್ಲಿ ನ್ಯೂಯಾರ್ಕಿನ ವೈದ್ಯನಾದ ಆರ್ಥರ್ ವೂರ್ಹೀಸನು, ನಾಯಿಯ ಹೃತ್ಕುಹರದಲ್ಲಿ ಹಾದುಹೋಗಿದ್ದ ರೇಷ್ಮೆಯ ಎಳೆಯೊಂದನ್ನು ನುಣುಪಾದ ಪೊರೆಯು ಆವರಿಸಿರುವುದನ್ನು ಕಂಡನು. ದಾರವನ್ನು ದೇಹವು ಹೀಗೆ ತನ್ನದಾಗಿಸಿಕೊಳ್ಳುವುದಾದರೆ ವಸ್ತ್ರದ ನಾಳವನ್ನೂ ಏಕೆ ಅಂಗೀಕರಿಸಬಾರದು? ಈ ತರ್ಕದಿಂದ ಹುಟ್ಟಿದ ವಿನಿಯಾನ್ ಬಟ್ಟೆಯ ನಾಳಗಳ ವೃತ್ತಾಂತವು 1952ರಲ್ಲಿ ಪ್ರಕಟವಾಯಿತು. ಬಳಿಕ ಡೆಕ್ರಾನ್, ಟೆಫ್ಲಾನ್‌ಗಳ ನಾಳಗಳು ಬಂದವು.

ಮಹಾಧಮನಿಯಲ್ಲಿ ಇವು ಬಹುಕಾಲ ಬಾಳಿದವು. 6 ಮಿಲಿಮೀಟರಿಗಿಂತ ಕಿರಿದಾದುವಾದರೋ ಬೇಗನೆ ಮುಚ್ಚಿಹೋದವು. ಮೊದಮೊದಲು ರಕ್ತವು ಹೆಪ್ಪುಗಟ್ಟುವುದೂ, ತಿಂಗಳುಗಳು ಕಳೆದ ಮೇಲೆ ಹೊಲಿಗೆಯ ಬಳಿ ಸ್ನಾಯುಕಣಗಳು ಮಿತಿಮೀರಿ ಬೆಳೆಯುವುದೂ ಇದಕ್ಕೆ ಕಾರಣಗಳು. ಹಿಗ್ಗುವ ಧಮನಿಗೆ ಹಿಗ್ಗದ ನಾಳವು ಕೂಡಿದೆಡೆ ಪ್ರವಾಹವು ಕದಡುವುದೂ, ಅಲ್ಲಿ ಒಳಪೊರೆಯ ಕಣಗಳಿಲ್ಲದಿರುವುದೂ ಈ ವೃದ್ಧಿಗೆ ಹೇತುಗಳು. ಆದುದರಿಂದ 1978ರಲ್ಲಿ ಹೆರಿಂಗ್ ಮೊದಲಾದವರು ಆ ಕಣಗಳನ್ನೇ ನಾಳದೊಳಗೆ ಬಿತ್ತಿ ಪರೀಕ್ಷಿಸಿದರು. ಅನಂತರ ಹೆಪಾರಿನ್ನಿನ ಲೇಪವೂ ಬಳಕೆಗೆ ಬಂದಿತು. ಆದರೂ ಸಣ್ಣ ನಾಳಗಳ ವಿಷಯದಲ್ಲಿ ರೋಗಿಯ ಸ್ವಂತ ಸಿರೆಗೆ ಸಮನಾದುದು ಇನ್ನೂ ದೊರೆತಿಲ್ಲ. ಅನ್ಯವಸ್ತುವನ್ನು ಆವರಿಸಿಕೊಳ್ಳುವ ದೇಹದ ಗುಣವು ಮೊದಲು ಆಶೆಯನ್ನು ಹುಟ್ಟಿಸಿತು. ಅದೇ ಮೇರೆಮೀರಿದಾಗ ನಾಳವನ್ನು ಮುಚ್ಚಿತು. ಅದನ್ನು ಅಳಿಸದೆ ಅಳತೆಯಲ್ಲಿಡುವುದೇ ಈ ಶಾಸ್ತ್ರದ ಮುಂದಿರುವ ಕಾರ್ಯವು.