ಸ್ತ್ರೀಯರ ಮೈಗೂದಲು: ಲಕ್ಷಣಶಾಸ್ತ್ರದಿಂದ ವೈದ್ಯಶಾಸ್ತ್ರಕ್ಕೆ

ಹೆಣ್ಣುಮಗಳ ಮೇಲ್ದುಟಿಯ ಮೇಲೆಯೋ ಗಲ್ಲದಲ್ಲಿಯೋ ಎದೆಯಲ್ಲಿಯೋ ಕೂದಲು ಕಾಣಿಸಿಕೊಂಡರೆ, ಅದನ್ನು ಆಕೆಯ ಗುಣ-ಭಾಗ್ಯಗಳ ಗುರುತೆಂದು ಎಣಿಸುವ ರೂಢಿ ಬಹು ಪ್ರಾಚೀನವಾದುದು. ಮನುಸ್ಮೃತಿಯ ಮೂರನೆಯ ಅಧ್ಯಾಯವು ಅತಿರೋಮವುಳ್ಳ ಕನ್ಯೆಯನ್ನು ವರಿಸಬಾರದೆನ್ನುತ್ತದೆ. ರೋಮವೇ ಇಲ್ಲದವಳೂ ಬೇಡವೆನ್ನುತ್ತದೆ. ಸಾಮುದ್ರಿಕ ಗ್ರಂಥಗಳು ಕಾಲಿನ ಕೂದಲಿನಿಂದಲೂ ಶುಭಾಶುಭಗಳನ್ನು ನಿರ್ಣಯಿಸಿದವು. ಈ ದೃಷ್ಟಿಗೆ ಹೆಣ್ಣಿನ ದೇಹವು ಒಂದು ಜಾತಕವಾಯಿತು.

ಇದಕ್ಕಿಂತ ಭಿನ್ನವಾದ ದೃಷ್ಟಿಯೊಂದು ಸುಮಾರು 2,400 ವರ್ಷಗಳ ಹಿಂದೆಯೇ ಗ್ರೀಸಿನಲ್ಲಿ ಕಂಡುಬರುತ್ತದೆ. ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದುಬಂದ ವೈದ್ಯಗ್ರಂಥವೊಂದು ಅಬ್ದೆರಾ ನಗರದ ಫೇಥೂಸಾ ಎಂಬ ಗೃಹಿಣಿಯ ವೃತ್ತಾಂತವನ್ನು ಹೇಳುತ್ತದೆ. ಪತಿಯು ದೇಶಭ್ರಷ್ಟನಾದ ಬಳಿಕ ಆಕೆಯ ಮುಟ್ಟು ನಿಂತಿತು. ಮೈಯೆಲ್ಲ ರೋಮ ಬೆಳೆಯಿತು, ಗಡ್ಡ ಬಂದಿತು, ಧ್ವನಿ ಒರಟಾಯಿತು. ವೈದ್ಯರ ಪ್ರಯತ್ನಗಳು ಫಲಿಸದೆ ಆಕೆ ಮರಣಹೊಂದಿದಳು. ಕಾರಣವು ಅವರಿಗೆ ತಿಳಿಯದಿದ್ದರೂ, ಮುಟ್ಟಿಗೂ ಕೂದಲಿಗೂ ಸಂಬಂಧವುಂಟೆಂಬುದನ್ನು ಅವರು ಗಮನಿಸಿದ್ದರು.

ಆದರೂ ಲೋಕದ ಬೆರಗು ಅಳಿಯಲಿಲ್ಲ. 1631ರಲ್ಲಿ ರಿಬೇರಾ ಎಂಬ ಚಿತ್ರಕಾರನು ನೇಪಲ್ಸಿನಲ್ಲಿ ಮಗ್ದಲೇನಾ ವೆಂತುರಾಳ ಚಿತ್ರವನ್ನು ಬರೆದನು. 37ನೆಯ ವಯಸ್ಸಿನಲ್ಲಿ ಗಡ್ಡ ಬೆಳೆಯತೊಡಗಿದ ಈ ತಾಯಿಯನ್ನು ಚಿತ್ರದ ಶಾಸನವು ನಿಸರ್ಗದ ಮಹಾವಿಸ್ಮಯವೆಂದು ಕರೆಯಿತು.

ವಿಸ್ಮಯವು ವಿಚಾರವಾಗಿ ಮಾರ್ಪಟ್ಟುದು ಇಪ್ಪತ್ತನೆಯ ಶತಮಾನದಲ್ಲಿ. 1935ರಲ್ಲಿ ಷಿಕಾಗೋ ನಗರದ ಸ್ಟೀನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಏಳು ಮಂದಿ ಸ್ತ್ರೀಯರನ್ನು ಪರೀಕ್ಷಿಸಿ, ಋತುದೋಷ, ಅತಿರೋಮ ಹಾಗೂ ದೊಡ್ಡದಾದ ಅಂಡಾಶಯಗಳ ಸಂಬಂಧವನ್ನು ವಿವರಿಸಿದರು. ಇಂದು ಪಿ.ಸಿ.ಓ.ಎಸ್. ಎಂದು ಮನೆಮಾತಾಗಿರುವ ತೊಂದರೆಯ ಆಧುನಿಕ ಇತಿಹಾಸ ಅಲ್ಲಿಂದ ಆರಂಭವಾಯಿತು. ಹತ್ತು ಮಂದಿ ಸ್ತ್ರೀಯರಲ್ಲಿ ಸುಮಾರು ಒಬ್ಬರಿಗೆ ಇದು ಉಂಟು. 1961ರಲ್ಲಿ ಫೆರಿಮನ್ ಮತ್ತು ಗಾಲ್ವೇ ಎಂಬವರು ದೇಹದ 11 ಭಾಗಗಳ ಕೂದಲನ್ನು ಅಂಕಗಳಿಂದ ಅಳೆಯುವ ಕ್ರಮವನ್ನು ರೂಪಿಸಿದರು. ಗಂಡಿನವೆಂದು ಕರೆಯುವ ರಸಗಳು ಪ್ರತಿಯೊಬ್ಬ ಸ್ತ್ರೀಯ ದೇಹದಲ್ಲಿಯೂ ಸ್ವಲ್ಪಮಟ್ಟಿಗೆ ಇರುತ್ತವೆ; ಅವು ಹೆಚ್ಚಿದಾಗ ಅಥವಾ ಚರ್ಮವು ಅವುಗಳಿಗೆ ಹೆಚ್ಚು ಸ್ಪಂದಿಸಿದಾಗ ಕೂದಲು ದಟ್ಟವಾಗುತ್ತದೆ. ಅನೇಕರಲ್ಲಿ ಅದು ಕೇವಲ ವಂಶದ ಕೊಡುಗೆ. ಹಠಾತ್ತನೆ ಹೆಚ್ಚಿ ಧ್ವನಿಯೂ ಬದಲಾದರೆ ಮಾತ್ರ ವಿಳಂಬವಿಲ್ಲದೆ ವೈದ್ಯರನ್ನು ಕಾಣಬೇಕು. ಅಂಡಾಶಯದಲ್ಲಿ ಅಥವಾ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಗಡ್ಡೆ ಇರಬಹುದು.

ಗಡ್ಡ-ಮೀಸೆಗಳನ್ನು ಹೆಸರಿಸಿಯೇ ಆತ್ಮಕ್ಕೆ ಹೆಣ್ಣು-ಗಂಡೆಂಬ ಭೇದವಿಲ್ಲವೆಂದು ದಾಸಿಮಯ್ಯನವರ ವಚನವು ಸಾರಿತು. ಅದನ್ನು ಭಕ್ತಿಯಿಂದ ಹಾಡುವ ನಾವು, ವಧುವನ್ನು ನೋಡಲು ಹೋದಾಗ ಅದನ್ನು ಮರೆಯುವುದು ತರವೇ? ತಾಯಂದಿರೇ, ಮಗಳ ಗಲ್ಲದ ಕೂದಲನ್ನು ಕಂಡು ನಿಟ್ಟುಸಿರಿಡಬೇಡಿ. ಆಕೆಯ ಮುಟ್ಟು ಸರಿಯಾಗಿದೆಯೇ ಎಂದು ಮೊದಲು ಕೇಳಿರಿ. ಮೈಗೂದಲಿನಲ್ಲಿ ಓದಬೇಕಾದುದು ಆರೋಗ್ಯವನ್ನೇ ಹೊರತು ಹಣೆಬರಹವನ್ನಲ್ಲ.