ಸತ್ಯವೇದ ಕೈಯಲ್ಲಿದೆ, ಹೇಳಿಕೊಡುವವರು ಯಾರು?

1543ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಇಂಗ್ಲಿಷ್ ಬೈಬಲನ್ನು ಯಾರು ಓದಬಹುದು, ಯಾರು ಓದಕೂಡದು ಎಂಬುದನ್ನು ಅದು ಅಂತಸ್ತಿನ ಪ್ರಕಾರ ವಿಂಗಡಿಸಿತ್ತು. ದೊಡ್ಡ ಮನೆತನದ ಯಜಮಾನ ಮನೆಮಂದಿಗೆಲ್ಲ ಓದಿ ಹೇಳಬಹುದು. ವರ್ತಕ ತನ್ನಷ್ಟಕ್ಕೆ ಓದಿಕೊಳ್ಳಬಹುದು. ಕುಲೀನ ಸ್ತ್ರೀಯರೂ ಓದಬಹುದು, ಆದರೆ ಒಬ್ಬರೇ ಕೂತು, ಇನ್ನೊಬ್ಬರಿಗೆ ಓದಿ ಹೇಳದೆ. ಉಳಿದ ಹೆಂಗಸರು, ಕಸುಬುದಾರರು, ಕೆಲಸ ಕಲಿಯುವ ಹುಡುಗರು, ಆಳುಗಳು, ಬೇಸಾಯಗಾರರು, ಕೂಲಿಯವರು ಮುಟ್ಟುವಂತಿಲ್ಲ. ವಿಚಿತ್ರವೆಂದರೆ, ಪ್ರತಿಯೊಂದು ಚರ್ಚಿನಲ್ಲೂ ಜನ ಬಂದು ಓದಲೆಂದು ಇಂಗ್ಲಿಷ್ ಬೈಬಲ್ ಇಡಬೇಕೆಂದು ಐದು ವರ್ಷದ ಹಿಂದೆ ಆಜ್ಞೆಯಾದದ್ದೂ ಇದೇ ಎಂಟನೇ ಹೆನ್ರಿಯ ಆಳ್ವಿಕೆಯಲ್ಲೇ. 1546ರಲ್ಲಿ ಸೇಂಟ್‌ಬರಿ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ರಾಬರ್ಟ್ ವಿಲಿಯಮ್ಸ್ ಎಂಬಾತ ತಾನು ಕೊಂಡ ಬೇರೊಂದು ಪುಸ್ತಕದ ಹಾಳೆಯ ಮೇಲೆ ತನ್ನ ದೂರನ್ನು ಬರೆದಿಟ್ಟ. ಕುರುಬರು ಬೈಬಲ್ ಓದಬಾರದೆಂದು ಆಗಿರುವುದರಿಂದ ಇದನ್ನು ಕೊಂಡೆ, ಈ ಕುರುಡುತನವನ್ನು ದೇವರೇ ಸರಿಪಡಿಸಬೇಕು ಎಂಬುದು ಅದರ ತಾತ್ಪರ್ಯ. ಓದಲು ಬರೆಯಲು ಬಲ್ಲ ಆ ಕುರಿಗಾಹಿಯ ಬಗ್ಗೆ ನಮಗೆ ಗೊತ್ತಿರುವುದು ಹೆಚ್ಚುಕಡಿಮೆ ಇಷ್ಟೇ.

ಸಾಮಾನ್ಯ ಕ್ರೈಸ್ತನೊಬ್ಬ ಯಾರ ನೆರವೂ ಇಲ್ಲದೆ ಬೈಬಲನ್ನು ಅರ್ಥಮಾಡಿಕೊಳ್ಳಬಲ್ಲನೇ ಎಂಬ ವಾದಕ್ಕೆ ಹದಿನೆಂಟು ಶತಮಾನಗಳ ಇತಿಹಾಸವಿದೆ. ಅದರ ಜಾಡು ಹಿಡಿದು ಹೋದರೆ, ನಿಜಕ್ಕೂ ನೆರವಿಲ್ಲದೆ ಓದಿದವರು ಒಬ್ಬರೂ ಸಿಗುವುದಿಲ್ಲ. ಹಾಗೆ ಹೇಳಿಕೊಂಡವರು ಬೇಕಾದಷ್ಟು ಜನ ಸಿಗುತ್ತಾರೆ. ಜಗಳ ನಡೆದದ್ದು ಗುರು ಯಾರಾಗಬೇಕು, ಆ ಗುರುವಿಗೆ ಓದುಗ ಮರುಪ್ರಶ್ನೆ ಹಾಕಬಹುದೇ ಎಂಬುದರ ಮೇಲೆ.

ಬೈಬಲಿನೊಳಗೇ ಎರಡೂ ಕಡೆಗೆ ಸಾಕ್ಷಿಯಿದೆ. ನೆಹೆಮೀಯನ ಗ್ರಂಥದ ಎಂಟನೇ ಅಧ್ಯಾಯದಲ್ಲಿ ಎಜ್ರನು ಧರ್ಮಶಾಸ್ತ್ರ ಓದುತ್ತಾನೆ, ಲೇವಿಯರು ಜನರ ನಡುವೆ ನಿಂತು ಬಿಡಿಸಿ ಹೇಳುತ್ತಾರೆ. ಅಪೊಸ್ತಲರ ಕೃತ್ಯಗಳಲ್ಲಿ ರಥದ ಮೇಲೆ ಕೂತು ಯೆಶಾಯನನ್ನು ಓದುತ್ತಿದ್ದ ಇಥಿಯೋಪಿಯದ ಅಧಿಕಾರಿ, ಹೇಳಿಕೊಡುವವರಿಲ್ಲದೆ ತನಗೆ ತಿಳಿಯುವುದು ಹೇಗೆಂದು ಫಿಲಿಪ್ಪನನ್ನೇ ಕೇಳುತ್ತಾನೆ. ಪೌಲನ ಪತ್ರಗಳಲ್ಲಿ ಕೆಲವು ಕಷ್ಟದ ಮಾತುಗಳಿವೆ, ತಿಳಿಯದವರು ಅವನ್ನು ತಿರುಚುತ್ತಾರೆ ಎಂದು ಪೇತ್ರನ ಎರಡನೇ ಪತ್ರ ಎಚ್ಚರಿಸುತ್ತದೆ. ಇತ್ತ ಬೆರೋಯದ ಜನ ಪೌಲ ಹೇಳಿದ್ದು ಸರಿಯೋ ಎಂದು ದಿನವೂ ಶಾಸ್ತ್ರ ತಿರುವಿ ನೋಡಿದರು, ಅದಕ್ಕಾಗಿ ಅವರಿಗೆ ಹೊಗಳಿಕೆಯೂ ಸಿಕ್ಕಿದೆ. ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ವಾದಿಗಳು ಇಥಿಯೋಪಿಯದವನನ್ನು ಮುಂದಿಡುತ್ತಾರೆ, ಪ್ರೊಟೆಸ್ಟಂಟರು ಬೆರೋಯದವರನ್ನು.

ಎರಡನೇ ಶತಮಾನದಲ್ಲಿ ಲಿಯಾನ್ ನಗರದ ಬಿಷಪ್ ಇರೆನೇಯಸ್‌ಗೆ ಎದುರಾದವರು ನಾಸ್ತಿಕರಲ್ಲ, ಅವನಂತೆಯೇ ವಚನಗಳನ್ನು ಎತ್ತಿ ಹೇಳಬಲ್ಲ ಜ್ಞಾನಪಂಥಿಗಳು. ಅವರ ಓದನ್ನು ಅವನು ಕಲ್ಲುಹರಳಿನ ಚಿತ್ರವೊಂದಕ್ಕೆ ಹೋಲಿಸಿದ: ರಾಜನ ಚಿತ್ರದ ಹರಳುಗಳನ್ನೇ ಕಿತ್ತು ಮರುಜೋಡಿಸಿ ನರಿಯನ್ನು ಮಾಡಿ, ಇದೇ ರಾಜ ಎಂದಂತೆ. ಹರಳು ಅಸಲಿಯೇ, ಜೋಡಣೆ ತಪ್ಪು. ಸರಿಯಾದ ಜೋಡಣೆ ಅಪೊಸ್ತಲರಿಂದ ಸಭೆಗೆ ಬಂದ ವಿಶ್ವಾಸದ ನಿಯಮದಲ್ಲಿದೆ ಎಂಬುದು ಅವನ ಉತ್ತರ. ಕಾರ್ಥೇಜಿನ ಟೆರ್ಟುಲಿಯನ್ ವಕೀಲನ ಧಾಟಿಯಲ್ಲಿ ಇನ್ನೂ ಮುಂದೆ ಹೋದ. ಶಾಸ್ತ್ರ ಸಭೆಯ ಸ್ವತ್ತು, ಹೊರಗಿನವರಿಗೆ ಅದನ್ನು ಹಿಡಿದು ವಾದಿಸುವ ಹಕ್ಕೇ ಇಲ್ಲ ಎಂದ.

ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನನ ನಿಲುವು ಇವರಿಬ್ಬರಿಗಿಂತ ಸೂಕ್ಷ್ಮ. ಬೈಬಲ್ ಓದುವ ಬಗೆಯನ್ನು ಕುರಿತ ಅವನ ಗ್ರಂಥ 396ರ ಸುಮಾರಿಗೆ ಶುರುವಾಗಿ, ಮೂರು ದಶಕದ ಮೇಲೆ ಮುಗಿಯಿತು. ನಮಗೆ ನೇರ ದೇವರೇ ತಿಳಿಸುತ್ತಾನೆ, ನಿಯಮಗಳ ಹಂಗು ಬೇಡ ಎನ್ನುವವರಿಗೆ ಮುನ್ನುಡಿಯಲ್ಲೇ ಅವನ ಉತ್ತರವಿದೆ: ಅಕ್ಷರವನ್ನಾದರೂ ನೀವು ಮನುಷ್ಯರಿಂದಲೇ ಕಲಿತಿರಲ್ಲವೇ? ಆದರೆ ಅದೇ ಗ್ರಂಥದಲ್ಲಿ, ವಿಶ್ವಾಸಕ್ಕೂ ನಡತೆಗೂ ಬೇಕಾದದ್ದೆಲ್ಲ ಬೈಬಲಿನ ಸ್ಪಷ್ಟ ಭಾಗಗಳಲ್ಲೇ ಸಿಗುತ್ತದೆ ಎಂದೂ ಹೇಳುತ್ತಾನೆ. ಮುಂದೆ ಸುಧಾರಕ ಲೂಥರನ ಪಕ್ಷವೂ ಪೋಪ್ ಪಕ್ಷವೂ ಅಗಸ್ಟೀನನನ್ನು ತಮ್ಮವನೆಂದದ್ದು ಸುಮ್ಮನೆ ಅಲ್ಲ. 434ರಲ್ಲಿ ಲೇರಿನ್ಸ್ ದ್ವೀಪದ ಸನ್ಯಾಸಿ ವಿನ್ಸೆಂಟ್ ಪ್ರಶ್ನೆಯನ್ನು ಇನ್ನೂ ಮೊನಚು ಮಾಡಿದ. ಶಾಸ್ತ್ರವೇ ಸಾಲುವಾಗ ಸಭೆಯ ವ್ಯಾಖ್ಯಾನ ಯಾಕೆ? ಯಾಕೆಂದರೆ, ಸಭೆ ತಳ್ಳಿಹಾಕಿದ ಬೋಧಕರಲ್ಲೇ ಆರಿಯಸ್ ಒಂದು ರೀತಿ ಓದುತ್ತಾನೆ, ಸಬೆಲಿಯಸ್ ಇನ್ನೊಂದು ರೀತಿ. ಎಲ್ಲೆಡೆ, ಎಲ್ಲ ಕಾಲಕ್ಕೂ, ಎಲ್ಲರೂ ನಂಬಿದ್ದನ್ನು ಹಿಡಿಯಬೇಕೆಂಬ ಅವನ ಸೂತ್ರ ಕೇಳಲು ಭದ್ರವಾಗಿದೆ. ಹಾಗೆ ಎಲ್ಲರೂ ನಂಬಿದ್ದು ಯಾವುದೆಂದು ಹೇಳುವುದೇ ಕಷ್ಟ.

ಮಧ್ಯಯುಗದಲ್ಲಿ ಬಹುಪಾಲು ಜನರಿಗೆ ಈ ಪ್ರಶ್ನೆ ಏಳಲೇ ಇಲ್ಲ. ಪುಸ್ತಕ ದುಬಾರಿ, ಭಾಷೆ ಲ್ಯಾಟಿನ್. ಎದ್ದಲ್ಲೆಲ್ಲ ಪೆಟ್ಟು ಬಿತ್ತು: 1229ರ ಟುಲೂಸ್ ಸಭೆ ಸಾಮಾನ್ಯರು ಬೈಬಲ್ ಇಟ್ಟುಕೊಳ್ಳುವುದನ್ನು ತಡೆಯಿತು, 1409ರಲ್ಲಿ ಇಂಗ್ಲೆಂಡಿನ ಆರ್ಚ್‌ಬಿಷಪ್ ಅರುಂಡೆಲ್ ಪರವಾನಗಿಯಿಲ್ಲದ ಅನುವಾದವನ್ನು ನಿಷೇಧಿಸಿದ.

ನಿಜವಾದ ತಿರುವು 1520ರ ದಶಕದಲ್ಲಿದೆ. 1522ರ ಸೆಪ್ಟೆಂಬರಿನಲ್ಲಿ ಲೂಥರನ ಜರ್ಮನ್ ಹೊಸ ಒಡಂಬಡಿಕೆ ಹೊರಬಂತು. ಅದೇ ವರ್ಷ ಜೂರಿಕ್‌ನ ಸುಧಾರಕ ಜ್ವಿಂಗ್ಲಿ ದೇವರ ವಾಕ್ಯದ ಸ್ಪಷ್ಟತೆಯ ಬಗ್ಗೆ ಪುಸ್ತಕ ಬರೆದ. 1524ರಲ್ಲಿ ವಿದ್ವಾಂಸ ಎರಾಸ್ಮಸ್, ಶಾಸ್ತ್ರದಲ್ಲಿ ನಮಗೆ ನಿಲುಕದ ಜಾಗಗಳಿವೆ, ಅಲ್ಲಿ ತೀರ್ಪು ಕೊಡುವ ಆತುರ ಬೇಡ ಎಂದ. ಮರುವರ್ಷ ಲೂಥರ್ ಸಿಡಿದು ಉತ್ತರಿಸಿದ. ಶಾಸ್ತ್ರಕ್ಕೆ ಎರಡು ಬಗೆಯ ಸ್ಪಷ್ಟತೆ: ಮಾತಿನಲ್ಲಿ ಹೊರಗಿನದು, ಹೃದಯದಲ್ಲಿ ಪವಿತ್ರಾತ್ಮ ಕೊಡುವ ಒಳಗಿನದು. ಕೆಲವು ಜಾಗ ಮಬ್ಬಾಗಿದ್ದರೆ ಅದು ನಮ್ಮ ವ್ಯಾಕರಣಜ್ಞಾನದ ಕೊರತೆ, ಶಾಸ್ತ್ರದ ತಿರುಳಿಗೆ ಮಬ್ಬಿಲ್ಲ. ಪ್ರೊಟೆಸ್ಟಂಟ್ ಚಿಂತನೆಯಲ್ಲಿ ಸ್ಪಷ್ಟತೆಯ ಸಿದ್ಧಾಂತಕ್ಕೆ ಬುನಾದಿ ಬಿದ್ದದ್ದು ಇಲ್ಲಿ.

ಆದರೆ ಆ 1525ನೇ ವರ್ಷವೇ ಸಿದ್ಧಾಂತಕ್ಕೆ ಪರೀಕ್ಷೆ ಒಡ್ಡಿತು. ದಕ್ಷಿಣ ಜರ್ಮನಿಯ ಮೆಮ್ಮಿಂಗನ್‌ನಲ್ಲಿ ರೈತರು ಹನ್ನೆರಡು ಬೇಡಿಕೆಗಳ ಪಟ್ಟಿ ಮಾಡಿ, ಪಕ್ಕದಲ್ಲಿ ಬೈಬಲಿನ ವಚನಗಳ ಉಲ್ಲೇಖ ಕೊಟ್ಟರು. ಕ್ರಿಸ್ತ ಎಲ್ಲರನ್ನೂ ಬಿಡಿಸಿದ ಮೇಲೆ ಜೀತ ಯಾಕೆ ಎಂದು ಕೇಳಿದರು. ತಮ್ಮ ಬೇಡಿಕೆ ದೇವರ ವಾಕ್ಯಕ್ಕೆ ವಿರುದ್ಧವೆಂದು ತೋರಿಸಿದರೆ ಹಿಂದೆಗೆದುಕೊಳ್ಳುತ್ತೇವೆ ಎಂದೂ ಸೇರಿಸಿದರು. ಬೆರೋಯದವರಂತೆಯೇ ನಡೆದುಕೊಂಡರು ಅನ್ನಬೇಕು. ಲೂಥರ್ ಒಪ್ಪಲಿಲ್ಲ. ದಂಗೆ ಎದ್ದಾಗ ಅದನ್ನು ಬಡಿದುಹಾಕಿ ಎಂದು ದೊರೆಗಳಿಗೇ ಬರೆದ. ಜೂರಿಕ್‌ನಲ್ಲಿ ಬೈಬಲ್ ಓದಿ ಶಿಶುಗಳ ದೀಕ್ಷಾಸ್ನಾನ ತಪ್ಪೆಂದ ಫೆಲಿಕ್ಸ್ ಮಾನ್ಸ್‌ನನ್ನು 1527ರ ಜನವರಿಯಲ್ಲಿ ಹೊಳೆಯಲ್ಲಿ ಮುಳುಗಿಸಿ ಕೊಂದರು, ಸ್ಪಷ್ಟತೆಯ ಪುಸ್ತಕ ಬರೆದ ಜ್ವಿಂಗ್ಲಿಯ ಊರಿನಲ್ಲೇ. 1529ರಲ್ಲಿ ಮಾರ್‌ಬುರ್ಗ್‌ನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಎದುರುಬದುರು ಕೂತರು. ಪ್ರಭುಭೋಜನದ ರೊಟ್ಟಿಯ ಬಗ್ಗೆ ಕ್ರಿಸ್ತ ಆಡಿದ ಮಾತನ್ನು ಲೂಥರ್ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದಿಟ್ಟುಕೊಂಡ. ಇಬ್ಬರಿಗೂ ಆ ಮಾತು ಸ್ಪಷ್ಟವಾಗಿಯೇ ಇತ್ತು, ಒಮ್ಮತ ಮಾತ್ರ ಆಗಲಿಲ್ಲ.

ಇಷ್ಟೆಲ್ಲ ಆದಮೇಲೆ ಲೂಥರ್ ಮಾಡಿದ್ದೇನು? ತನ್ನ ಹೊಸ ಒಡಂಬಡಿಕೆಗೆ ಅವನು ಮೊದಲೇ ಮುನ್ನುಡಿಗಳನ್ನೂ ಅಂಚಿನ ಟಿಪ್ಪಣಿಗಳನ್ನೂ ಹಚ್ಚಿದ್ದ. ಯಾಕೋಬನ ಪತ್ರಕ್ಕೆ ಯಾಕೆ ಹೆಚ್ಚು ಬೆಲೆ ಕೊಡಬಾರದೆಂದು ಅಲ್ಲಿ ಓದುಗನಿಗೆ ಹೇಳಿಕೊಟ್ಟಿದ್ದ. ಸ್ಯಾಕ್ಸನಿಯ ಹಳ್ಳಿಗಳಲ್ಲಿ ಸುತ್ತಿ, ಜನಕ್ಕೆ ಕರ್ತನ ಪ್ರಾರ್ಥನೆಯೂ ಬಾರದ್ದನ್ನು ಕಂಡು 1529ರಲ್ಲಿ ಪ್ರಶ್ನೋತ್ತರ ರೂಪದ ಉಪದೇಶ ಪುಸ್ತಕ ಬರೆದ. ಗಾತ್ರೋಪ್ ಮತ್ತು ಸ್ಟ್ರಾಸ್ ಎಂಬ ಚರಿತ್ರಕಾರರು 1984ರ ಪ್ರಬಂಧವೊಂದರಲ್ಲಿ ತೋರಿಸಿದಂತೆ, 1525ರ ನಂತರ ಲೂಥರನ್ ಸಭೆ ಜನಸಾಮಾನ್ಯರ ಕೈಗೆ ಒತ್ತಾಯದಿಂದ ಕೊಟ್ಟದ್ದು ಈ ಪುಸ್ತಕವನ್ನು. ಬೈಬಲ್ ಮನೆಮನೆಯ ಓದಾದದ್ದು ಬಹುಮಟ್ಟಿಗೆ ಮನೆಯ ಭಕ್ತಿಗೆ ಒತ್ತು ಕೊಟ್ಟ ಆಮೇಲಿನ ಪಯಟಿಸ್ಟ್ ಚಳವಳಿಯಿಂದ.

ಇದಾದ ಮೇಲೆ ಪ್ರತಿಯೊಂದು ಪಕ್ಷವೂ ತನ್ನ ನಿಲುವನ್ನು ಬರಹಕ್ಕೆ ಇಳಿಸಿತು. 1546ರ ಟ್ರೆಂಟ್ ಮಹಾಸಭೆ, ಮಾತೃಸಭೆ ಹಿಡಿದ ಅರ್ಥಕ್ಕೆ ವಿರುದ್ಧವಾಗಿ ಯಾರೂ ಶಾಸ್ತ್ರವನ್ನು ಬಗ್ಗಿಸಕೂಡದು ಎಂದಿತು. 1564ರಿಂದ ದೇಶಭಾಷೆಯ ಬೈಬಲ್ ಓದಲು ಕ್ಯಾಥೊಲಿಕರಿಗೆ ಲಿಖಿತ ಅನುಮತಿ ಬೇಕಾಯಿತು. 1672ರ ಜೆರುಸಲೇಮ್ ಸಭೆಯಲ್ಲಿ ಆರ್ಥೊಡಾಕ್ಸ್ ಪೇಟ್ರಿಯಾರ್ಕ್ (ಮುಖ್ಯ ಬಿಷಪ್) ದೊಸಿಥಿಯೋಸ್, ಬೈಬಲ್ ಎಲ್ಲರೂ ಓದಬೇಕೇ ಎಂಬ ಪ್ರಶ್ನೆಗೆ ಬೇಡ ಎಂದೇ ಬರೆದ. ಇವುಗಳ ನಡುವೆ 1640ರ ದಶಕದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಎಲ್ಲವೂ ಸಮಾನವಾಗಿ ಸ್ಪಷ್ಟವಲ್ಲ, ಎಲ್ಲರಿಗೂ ಸ್ಪಷ್ಟವಲ್ಲ. ರಕ್ಷಣೆಗೆ ಬೇಕಾದದ್ದು ಮಾತ್ರ, ಸಾಮಾನ್ಯ ಸಾಧನಗಳನ್ನು ಸರಿಯಾಗಿ ಬಳಸಿದರೆ, ಓದುಬರಹ ಹೆಚ್ಚು ಬಾರದವರಿಗೂ ಸಾಕಷ್ಟು ತಿಳಿಯುತ್ತದೆ. ಆ ಸಾಧನಗಳಲ್ಲಿ ಪ್ರಸಂಗಿಯೂ ಉಪದೇಶ ಪುಸ್ತಕವೂ ಸೇರಿಕೊಂಡಿದ್ದವು.

1675ರಲ್ಲಿ ಫ್ರಾಂಕ್‌ಫರ್ಟಿನ ಪಾದ್ರಿ, ಪಯಟಿಸ್ಟ್ ಚಳವಳಿಗೆ ದಾರಿ ತೆರೆದ ಸ್ಪೇನರ್, ಜನ ಮನೆಗಳಲ್ಲಿ ಸೇರಿ ಒಟ್ಟಿಗೆ ಬೈಬಲ್ ಓದಬೇಕೆಂದು ಬರೆದ. ಒಬ್ಬನೇ ಓದುವುದಕ್ಕೂ ಪೀಠದಿಂದ ಕೇಳುವುದಕ್ಕೂ ನಡುವಿನ ದಾರಿ ಇದು. ಇದೇ ಗಾಳಿಯಲ್ಲಿ ಬೆಳೆದ ಜರ್ಮನಿಯ ಹಾಲೆ ಪಟ್ಟಣದಿಂದ ಬಂದ ಜೀಗನ್‌ಬಾಲ್ಗ್ 1706ರಲ್ಲಿ ತರಂಗಂಬಾಡಿಗೆ ಇಳಿದು ತಮಿಳಿಗೆ ಹೊಸ ಒಡಂಬಡಿಕೆ ತಂದ. ಕನ್ನಡದ ಕಥೆ ಇನ್ನೊಂದು ಶತಮಾನ ತಡ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಮಾಡಿದ ಅನುವಾದ 1830ರ ದಶಕದ ಆರಂಭದ ಹೊತ್ತಿಗೆ ಪೂರ್ತಿಯಾಯಿತು. 1804ರಲ್ಲಿ ಹುಟ್ಟಿದ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿಯ ನಿಯಮ ಕಟ್ಟುನಿಟ್ಟು: ತಾನು ಹಂಚುವ ಬೈಬಲಿನಲ್ಲಿ ಟಿಪ್ಪಣಿಯಾಗಲಿ ವಿವರಣೆಯಾಗಲಿ ಇರಕೂಡದು. ಪಂಥಗಳು ಒಟ್ಟಿಗೆ ಕೆಲಸ ಮಾಡಲು ಬೇರೆ ದಾರಿ ಇರಲಿಲ್ಲ. ಬರೀ ಮೂಲಪಾಠ ಸಾಕು ಎಂಬ ನಂಬಿಕೆಯ ಅತ್ಯಂತ ದೊಡ್ಡ ಪ್ರಯೋಗವೂ ಇದೇ. ಆದರೆ ನಮ್ಮ ಕಡೆ ಪುಸ್ತಕ ಒಂಟಿಯಾಗಿ ಮನೆ ಹೊಕ್ಕದ್ದು ಕಡಿಮೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸತ್ಯವೇದದ ಜೊತೆಗೆ ಉಪದೇಶಿಗಳನ್ನೂ ತಯಾರು ಮಾಡಿತು. ಓದು ಬಾರದವರಿಗೆ ಓದಿ ಹೇಳಿ ಅರ್ಥ ಬಿಡಿಸಿದವರು ಅವರು.

ಟಿಪ್ಪಣಿಯಿಲ್ಲದ ಓದಿನ ದಿಟ್ಟ ಉದಾಹರಣೆ ಅಮೆರಿಕದ್ದು. ನ್ಯೂಯಾರ್ಕ್ ರಾಜ್ಯದ ರೈತ ವಿಲಿಯಂ ಮಿಲ್ಲರ್ 1816ರಲ್ಲಿ ಬ್ಯಾಪ್ಟಿಸ್ಟ್ ಸಭೆಗೆ ಮರಳಿದ ಮೇಲೆ ವ್ಯಾಖ್ಯಾನಗಳನ್ನೆಲ್ಲ ಬದಿಗಿಟ್ಟು ಆದಿಕಾಂಡದಿಂದ ಓದತೊಡಗಿದ. ಒಂದು ವಚನ ಅರ್ಥವಾಗದೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ಎರಡು ವರ್ಷದಲ್ಲಿ ದಾನಿಯೇಲನ ಗ್ರಂಥದ 2300 ದಿನಗಳನ್ನು 2300 ವರ್ಷವೆಂದು ಹಿಡಿದು, ಕ್ರಿ.ಪೂ. 457ರಿಂದ ಎಣಿಸಿ, 1843ರ ಸುಮಾರಿಗೆ ಕ್ರಿಸ್ತ ಮರಳಿ ಬರುತ್ತಾನೆಂದು ತೀರ್ಮಾನಿಸಿದ. ಕೊನೆಗೆ ಅನುಯಾಯಿಗಳು ಗೊತ್ತುಮಾಡಿದ ದಿನ 1844ರ ಅಕ್ಟೋಬರ್ 22. ಆ ದಿನ ಬಂತು, ಹೋಯಿತು. ಮಿಲ್ಲರನ ಕೈಯಲ್ಲಿ ಬೈಬಲಿನ ಜೊತೆ ಇದ್ದದ್ದು ಕ್ರೂಡನ್ನನ ಪದಸೂಚಿ ಮತ್ತು ಅಂಚಿನಲ್ಲಿ ಅಚ್ಚಾದ ಅಡ್ಡ ಉಲ್ಲೇಖಗಳು. ಯಾವ ವಚನವನ್ನು ಯಾವುದರ ಪಕ್ಕ ಇಟ್ಟು ನೋಡಬೇಕೆಂದು ಅವೇ ಹೇಳಿಕೊಡುತ್ತಿದ್ದವು. ಪ್ರವಾದನೆಯಲ್ಲಿ ದಿನವೆಂದರೆ ವರ್ಷ ಎಂಬ ಲೆಕ್ಕವೂ ಪ್ರೊಟೆಸ್ಟಂಟ್ ವ್ಯಾಖ್ಯಾನಕಾರರಲ್ಲಿ ಹಿಂದಿನಿಂದ ಇದ್ದದ್ದೇ. ತಾನೇ ಕಂಡುಕೊಂಡೆ ಎಂದು ಅವನು ನಂಬಿದ್ದರಲ್ಲಿ ಕಪಟವಿರಲಿಲ್ಲ. ಗುರುಗಳು ಕಣ್ಣಿಗೆ ಬೀಳಲಿಲ್ಲ, ಅಷ್ಟೇ. ಬಿದ್ದಿದ್ದರೆ ಅವರನ್ನೂ ಪ್ರಶ್ನಿಸುತ್ತಿದ್ದನೇನೋ.

ಅದೇ ದೇಶದಲ್ಲಿ ಗುಲಾಮಗಿರಿಯ ಪ್ರಶ್ನೆ ಇನ್ನೂ ಆಳದ ಗಾಯ ಮಾಡಿತು. ಲೇವಿಯ ಗ್ರಂಥ ತೆರೆದು, ನೇರ ಅರ್ಥ ಹಿಡಿದು, ಗುಲಾಮಗಿರಿ ದೇವರಿಗೆ ಒಪ್ಪಿಗೆ ಎಂದು ತೋರಿಸುವುದು ದಕ್ಷಿಣದ ಬೋಧಕರಿಗೆ ಸುಲಭವಾಗಿತ್ತು. ಇಡೀ ಬೈಬಲಿನ ಆಶಯ ಹಿಡಿದು ವಾದಿಸುವುದು ವಿರೋಧಿಗಳಿಗೆ ಕಷ್ಟವಾಗಿತ್ತು. ಯಾರು ಬೇಕಾದರೂ ಓದಿ ತಿಳಿಯಬಹುದೆಂದು ನಂಬಿದ ಸಮಾಜ ತನ್ನ ಅತಿ ದೊಡ್ಡ ಪ್ರಶ್ನೆಗೆ ಬೈಬಲಿನಿಂದ ಒಂದು ಉತ್ತರ ಪಡೆಯಲಾರದೆ ಹೋಯಿತು, ಕೊನೆಗೆ ಅಂತರ್ಯುದ್ಧದ ಸೇನಾಪತಿಗಳು ತೀರ್ಮಾನಿಸಬೇಕಾಯಿತು ಎಂಬುದು ಚರಿತ್ರಕಾರ ಮಾರ್ಕ್ ನೋಲ್ 2006ರ ಪುಸ್ತಕದಲ್ಲಿ ಮಾಡಿದ ವಾದ.

ಕ್ಯಾಥೊಲಿಕ್ ಸಭೆ ಇಪ್ಪತ್ತನೇ ಶತಮಾನದಲ್ಲಿ ಎದುರು ದಿಕ್ಕಿನಿಂದ ಹೊರಟಿತು. 1943ರಲ್ಲಿ ಪೋಪ್ ಹನ್ನೆರಡನೇ ಪಯಸ್ ಮೂಲಭಾಷೆಗಳ ಅಧ್ಯಯನಕ್ಕೆ ಬಾಗಿಲು ತೆರೆದರು. 1965ರ ನವೆಂಬರ್ 18ರಂದು ಎರಡನೇ ವ್ಯಾಟಿಕನ್ ಮಹಾಸಭೆ, ವಿಶ್ವಾಸಿಗಳೆಲ್ಲರಿಗೂ ಶಾಸ್ತ್ರ ಧಾರಾಳವಾಗಿ ಸಿಗಬೇಕು ಎಂದಿತು. ವ್ಯಾಖ್ಯಾನದ ಅಂತಿಮ ಅಧಿಕಾರ ಸಭೆಯದ್ದೇ, ಅನುವಾದಕ್ಕೆ ಟಿಪ್ಪಣಿಯೂ ಬೇಕು ಎಂಬುದನ್ನು ಕೈಬಿಡಲಿಲ್ಲ. ಎರಡು ವರ್ಷದೊಳಗೆ ಬೆಂಗಳೂರಿನಲ್ಲಿ ಪಾದ್ರಿ ಅಮಲೋರ್‌ಪವದಾಸ್ ಅವರ ಮುಂದಾಳ್ತನದಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಗೆಂದೇ ರಾಷ್ಟ್ರೀಯ ಕೇಂದ್ರವೊಂದು ಹುಟ್ಟಿತು.

ಪ್ರೊಟೆಸ್ಟಂಟರಲ್ಲಿ ಗುರುಪೀಠ ಅಷ್ಟರಲ್ಲಿ ಪ್ರೊಫೆಸರರ ಪಾಲಾಗಿತ್ತು. ಪಂಚಗ್ರಂಥಗಳ ಪದರಗಳು, ಸುವಾರ್ತೆಗಳ ಮೂಲಗಳು ಎಂಬ ಚರ್ಚೆಗೆ ಹೀಬ್ರೂ, ಗ್ರೀಕ್ ಬಾರದವನು ಇಳಿಯುವಂತಿರಲಿಲ್ಲ. ಪೂರ್ವಕಲ್ಪನೆಯಿಲ್ಲದ ಓದು ಸಾಧ್ಯವೇ ಇಲ್ಲ ಎಂದು ಜರ್ಮನ್ ವಿದ್ವಾಂಸ ಬುಲ್ಟ್‌ಮಾನ್ 1957ರಲ್ಲಿ ಹೇಳಿದಾಗ ಆ ಪ್ರೊಫೆಸರರಿಗೂ ಅದು ಅನ್ವಯಿಸಿತು. 1993ರಲ್ಲಿ ಅಮೆರಿಕದ ದೇವಶಾಸ್ತ್ರಜ್ಞ ಹಾವರ್‌ವಾಸ್, ಉತ್ತರ ಅಮೆರಿಕದ ಕ್ರೈಸ್ತರ ಕೈಯಿಂದ ಬೈಬಲನ್ನು ಕಿತ್ತುಕೊಳ್ಳಬೇಕು ಎಂದೇ ಬರೆದರು. ಮೂಲಭೂತವಾದಿಯೂ ವಿಮರ್ಶಕ ವಿದ್ವಾಂಸನೂ ಒಂದೇ ಭ್ರಮೆಯಲ್ಲಿದ್ದಾರೆ, ಸಭೆಯ ಶಿಸ್ತಿಲ್ಲದೆ ಪಠ್ಯ ತಾನಾಗಿ ಮಾತಾಡುತ್ತದೆಂದು ಇಬ್ಬರೂ ನಂಬುತ್ತಾರೆ ಎಂಬುದು ಅವರ ಕಟಕಿ. ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ 2011ರಲ್ಲಿ, ಬೈಬಲ್ ಸ್ಪಷ್ಟ ಎನ್ನುವ ಪಂಗಡದೊಳಗೇ ಪ್ರತಿ ವಿಷಯಕ್ಕೂ ಇಷ್ಟೊಂದು ಅಭಿಪ್ರಾಯಗಳೇಕೆ ಎಂದು ಕೇಳಿದರು. 2016ರಲ್ಲಿ ದೇವಶಾಸ್ತ್ರಜ್ಞ ವ್ಯಾನ್‌ಹೂಜರ್ ಕೊಟ್ಟ ಉತ್ತರದ ಪ್ರಕಾರ, ಸುಧಾರಕರು ಒಂಟಿ ಓದುಗನನ್ನು ಎಂದೂ ಬಯಸಿರಲಿಲ್ಲ. ಅದು ಲೂಥರನ ಮುನ್ನುಡಿಗಳಿಗೆ ಒಪ್ಪುತ್ತದೆ, ಮಾನ್ಸ್‌ನ ಸಾವನ್ನು ವಿವರಿಸುವುದಿಲ್ಲ.

ಹಾವರ್‌ವಾಸ್ ಮತ್ತು ನಂತರದವರು ಬರೆಯುವ ಮೊದಲೇ ಬೇರೆ ಕಡೆ ಗುಂಪಾಗಿ ಓದುವ ಕೆಲಸ ಶುರುವಾಗಿತ್ತು. ನಿಕರಾಗುವದ ದೊಡ್ಡ ಸರೋವರದ ಸೊಲೆಂತಿನಾಮೆ ದ್ವೀಪಗಳಲ್ಲಿ ಕವಿ-ಪಾದ್ರಿ ಎರ್ನೆಸ್ತೊ ಕಾರ್ದೆನಾಲ್ ಪ್ರಸಂಗ ಮಾಡುವುದನ್ನು ಬಿಟ್ಟು, ಸುವಾರ್ತೆ ಓದಿದ ಮೇಲೆ ಮೀನುಗಾರರಿಗೂ ರೈತರಿಗೂ ಮಾತು ಬಿಟ್ಟುಕೊಟ್ಟ. 1975ರಿಂದ ಆ ಮಾತುಕತೆ ಪುಸ್ತಕವಾಗಿ ಬಂತು. ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಬೈಬಲ್ ವಿದ್ವಾಂಸ ಜೆರಾಲ್ಡ್ ವೆಸ್ಟ್ ಮತ್ತು ಉಜಾಮಾ ಕೇಂದ್ರದವರು ಇದಕ್ಕೊಂದು ಕ್ರಮ ಕಟ್ಟಿದರು. ತರಬೇತಿ ಪಡೆದವರು ಗುಂಪಿನಲ್ಲಿ ಕೂರುತ್ತಾರೆ, ಉತ್ತರ ಹೇಳುವುದಿಲ್ಲ, ಪ್ರಶ್ನೆ ಮಾತ್ರ ಕೇಳುತ್ತಾರೆ: ಈ ಕಥೆ ಯಾವುದರ ಬಗ್ಗೆ? ಇದರಲ್ಲಿ ಯಾರು ಯಾರಿದ್ದಾರೆ, ಯಾರ ಪಾಲು ಏನು? ಇಂಥವರು ನಮ್ಮಲ್ಲೂ ಇದ್ದಾರೆಯೇ? 1990ರ ದಶಕದಲ್ಲಿ ಅವರು ಎತ್ತಿಕೊಂಡ ಭಾಗಗಳಲ್ಲಿ ಒಂದು ಎರಡನೇ ಸಮುವೇಲ 13, ದಾವೀದನ ಮಗಳು ತಾಮಾರಳ ಮೇಲೆ ಅವಳ ಮಲಅಣ್ಣನೇ ಮಾಡಿದ ಅತ್ಯಾಚಾರದ ಕಥೆ. ಚರ್ಚಿನಲ್ಲಿ ಇದನ್ನು ಓದಿದ್ದನ್ನು ಕೇಳಿಯೇ ಇಲ್ಲ ಎಂದ ಹೆಂಗಸರು ಅಲ್ಲಿದ್ದರು. ಪುಸ್ತಕ ಅವರ ಮನೆಯಲ್ಲಿತ್ತು, ಪಾದ್ರಿಯೂ ಇದ್ದ. ಇಂಥದ್ದು ನಮ್ಮ ನಡುವೆಯೂ ನಡೆಯುತ್ತದೆ ಎಂದು ಅವರು ಮಾತಾಡತೊಡಗಿದ ಮೇಲೆ ಅದು ಲೈಂಗಿಕ ಹಿಂಸೆಯ ವಿರುದ್ಧದ ತಾಮಾರ್ ಅಭಿಯಾನವಾಗಿ ಬೆಳೆದು, 2005ರಲ್ಲಿ ಕೀನ್ಯಾಕ್ಕೂ ತಲುಪಿತು.