ಮೈದಾನಕ್ಕೆ ಬರುವವರ ಪೂರ್ವಾಪರ

ಹೆಣ್ಣು ಕೊಡುವ ಮುಂಚೆ, ಮನೆ ಬಾಡಿಗೆಗೆ ಕೊಡುವ ಮುಂಚೆ ನಾವು ಪೂರ್ವಾಪರ ವಿಚಾರಿಸುತ್ತೇವೆ. ಸಂಜೆ ಹೊತ್ತು ದುಡ್ಡು ತೆಗೆದುಕೊಳ್ಳದೆ ಮಕ್ಕಳಿಗೆ ಆಟ ಕಲಿಸಲು ಬರುವವರನ್ನು ವಿಚಾರಿಸಲು ಮಾತ್ರ ನಾಲಿಗೆ ಹೊರಳುವುದಿಲ್ಲ. ಉಪಕಾರ ಮಾಡಲು ಬಂದವರನ್ನು ಅನುಮಾನಿಸುವುದೇ? ಈ ಸಂಕೋಚಕ್ಕೆ ತೆರಬೇಕಾದ ಬೆಲೆ ಎಂಥದ್ದೆಂದು ತಿಳಿಯಲು ನಾನು ಬ್ರಿಟನ್ನಿನ ಕಳೆದ ಮೂವತ್ತು ವರ್ಷಗಳತ್ತ ನೋಡುತ್ತೇನೆ.

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬ್ರಿಟಿಷ್ ಈಜು ತಂಡದ ಕೋಚ್ ಆಗಿದ್ದ ಪಾಲ್ ಹಿಕ್ಸನ್‌ಗೆ 1995ರಲ್ಲಿ 17 ವರ್ಷ ಜೈಲುಶಿಕ್ಷೆಯಾಯಿತು. ತನ್ನ ಬಳಿ ಕಲಿಯುತ್ತಿದ್ದ ಹುಡುಗಿಯರ ಮೇಲೆ ಅವನು ಅತ್ಯಾಚಾರ ಎಸಗಿದ್ದ. ಮರುವರ್ಷ ಸ್ಕಾಟ್ಲೆಂಡಿನ ಡನ್‌ಬ್ಲೇನ್‌ನಲ್ಲಿ ಥಾಮಸ್ ಹ್ಯಾಮಿಲ್ಟನ್ ಎಂಬಾತ ಶಾಲೆಯ ಜಿಮ್‌ಗೆ ನುಗ್ಗಿ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಗುಂಡಿಟ್ಟು ಕೊಂದ. ಸ್ಕೌಟ್ ಸಂಸ್ಥೆ ಅವನನ್ನು 1974ರಲ್ಲೇ ಹೊರಗೆ ಹಾಕಿತ್ತು. ಆಮೇಲೆ ಅವನು ತಾನೇ ಹುಡುಗರ ಕ್ಲಬ್‌ಗಳನ್ನು ಕಟ್ಟಿ, ಶಾಲೆಗಳ ಸಭಾಂಗಣ ಬಾಡಿಗೆಗೆ ಹಿಡಿದು ವರ್ಷಗಟ್ಟಲೆ ನಡೆಸಿದ. ಇಂಥ ಕ್ಲಬ್‌ ನಡೆಸುವವರಿಗೆ ಮಾನ್ಯತೆಯ ವ್ಯವಸ್ಥೆಯೊಂದು ಬೇಕೆಂದು ನ್ಯಾಯಮೂರ್ತಿ ಲಾರ್ಡ್ ಕಲನ್ ತಮ್ಮ ವರದಿಯಲ್ಲಿ ಬರೆದರು.

2001ರಲ್ಲಿ ಕ್ರೀಡೆಯಲ್ಲಿ ಮಕ್ಕಳ ರಕ್ಷಣೆಗೆಂದೇ ಒಂದು ಘಟಕ ಹುಟ್ಟಿತು. 2002ರಲ್ಲಿ ಅಪರಾಧ ದಾಖಲೆ ಪರಿಶೀಲಿಸುವ ಸರ್ಕಾರಿ ಕಚೇರಿ ಕೆಲಸ ಶುರುಮಾಡಿತು. ಅದೇ ಆಗಸ್ಟ್‌ನಲ್ಲಿ ಸೋಹಮ್ ಎಂಬ ಊರಿನಲ್ಲಿ 10 ವರ್ಷದ ಇಬ್ಬರು ಹುಡುಗಿಯರ ಕೊಲೆಯಾಯಿತು. ಕೊಂದವನು ಅಲ್ಲಿನ ಹೈಸ್ಕೂಲಿನ ಕೇರ್‌ಟೇಕರ್ ಇಯಾನ್ ಹಂಟ್ಲಿ. ಕೆಲಸಕ್ಕೆ ಸೇರುವ ಮುಂಚೆ ಅವನ ಪೂರ್ವಾಪರ ವಿಚಾರಣೆ ನಡೆದಿತ್ತು! ಲೈಂಗಿಕ ಅಪರಾಧದ ಹಲವು ದೂರುಗಳು ಇನ್ನೊಂದು ಜಿಲ್ಲೆಯ ಪೊಲೀಸರಿಗೆ ತಲುಪಿದ್ದರೂ ಯಾವುದರಲ್ಲೂ ಶಿಕ್ಷೆಯಾಗಿರಲಿಲ್ಲ. ಸ್ಥಳೀಯ ಪೊಲೀಸರು ಅವನ ಎರಡು ಹೆಸರುಗಳಲ್ಲಿ ಒಂದನ್ನಷ್ಟೇ ಹುಡುಕಿದ್ದರು.

ಸರ್ ಮೈಕೆಲ್ ಬಿಚರ್ಡ್ ವಿಚಾರಣೆಯ ನಂತರ 2006ರಲ್ಲಿ ಹೊಸ ಕಾಯ್ದೆ ಬಂತು. ಮಕ್ಕಳ ಒಡನಾಟವಿರುವ ಸುಮಾರು 1.1 ಕೋಟಿ ಜನ ನೋಂದಾಯಿಸಿಕೊಳ್ಳಬೇಕೆಂಬ ಯೋಜನೆ ರೂಪುಗೊಂಡಿತು. ಶಾಲೆಗಳಿಗೆ ಹೋಗಿ ಕತೆ ಹೇಳುತ್ತಿದ್ದ ಕಾದಂಬರಿಕಾರ ಫಿಲಿಪ್ ಪುಲ್‌ಮನ್ 2009ರಲ್ಲಿ ಇದನ್ನು ಅವಮಾನವೆಂದು ಕರೆದು, ಇನ್ನು ಶಾಲೆಗಳಿಗೆ ಹೋಗುವುದಿಲ್ಲ ಎಂದರು. 2010ರಲ್ಲಿ ಹೊಸ ಸರ್ಕಾರ ಯೋಜನೆಯನ್ನು ತಡೆದು, 2012ರಲ್ಲಿ ಇನ್ನಷ್ಟು ಸಣ್ಣ ಜಾಲವನ್ನು ಉಳಿಸಿಕೊಂಡಿತು. ಪುಲ್‌ಮನ್‌ರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಒಳ್ಳೆಯವರ ಮುಖಭಂಗವನ್ನೂ ಮಗುವಿನ ಮೈಮೇಲಾಗುವ ಗಾಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ.

2016ರ ನವೆಂಬರಿನಲ್ಲಿ ಮಾಜಿ ಫುಟ್‌ಬಾಲ್ ಆಟಗಾರ ಆ್ಯಂಡಿ ವುಡ್‌ವರ್ಡ್ ತನ್ನ ಬಾಲ್ಯದ ಕೋಚ್ ಬ್ಯಾರಿ ಬೆನೆಲ್ ಮಾಡಿದ್ದನ್ನು ಬಹಿರಂಗವಾಗಿ ಹೇಳಿದರು. ಅವರ ಹಿಂದೆಯೇ ಇನ್ನೂ ಎಷ್ಟೋ ಆಟಗಾರರು ಬಾಯಿಬಿಟ್ಟರು. ಬೆನೆಲ್‌ಗೆ ಮೊದಲ ಸಲ ಶಿಕ್ಷೆಯಾದದ್ದು 1990ರ ದಶಕದಲ್ಲಿ. 1980ರ ದಶಕದಲ್ಲಿ ಯಾರಾದರೂ ಅಪರಾಧದ ದಾಖಲೆ ಕೇಳಿದ್ದರೆ ಏನು ಸಿಗುತ್ತಿತ್ತು? ಖಾಲಿ ಹಾಳೆ.

ಆ ಖಾಲಿ ಹಾಳೆಯೇ ಈ ಚರಿತ್ರೆಯ ಪಾಠ ಎಂದು ನನಗನ್ನಿಸುತ್ತದೆ. ದಾಖಲೆ ಹೇಳುವುದು ಸಿಕ್ಕಿಬಿದ್ದವರ ಬಗ್ಗೆ ಮಾತ್ರ. ಸಿಕ್ಕಿಬೀಳದವರನ್ನು ತಡೆಯುವುದು ಸುತ್ತಲಿನವರ ಕಣ್ಣು. ಆ ಕಣ್ಣು ತೆರೆಸುವ ಕೆಲಸ ತರಬೇತಿಯದು. ಮಗುವನ್ನು ಒಬ್ಬರೇ ಕಾರಿನಲ್ಲಿ ಕರೆದೊಯ್ಯಬಾರದು, ಬಟ್ಟೆ ಬದಲಿಸುವ ಕೋಣೆಯಲ್ಲಿ ಮಗುವಿನ ಜೊತೆ ಒಬ್ಬರೇ ಇರಬಾರದು, ಮೆಸೇಜು ಕಳಿಸಿದರೆ ಅಪ್ಪ ಅಮ್ಮನಿಗೂ ಕಾಣಬೇಕು, ಮಗು ಏನಾದರೂ ಹೇಳಿದರೆ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡದೆ ಜವಾಬ್ದಾರರಿಗೆ ತಿಳಿಸಬೇಕು ಎಂಬಂಥ ಸರಳ ನಿಯಮಗಳು ಅದರಲ್ಲಿವೆ. ಇವು ಎಲ್ಲರಿಗೂ ಒಂದೇ ಆದ್ದರಿಂದ ಯಾರಿಗೂ ಅವಮಾನವಿಲ್ಲ. ನಿಯಮ ಮೀರಿದವರು ಎದ್ದು ಕಾಣುತ್ತಾರೆ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಈಗ ದಾಖಲೆ, ತರಬೇತಿ ಎರಡನ್ನೂ ಕೇಳುತ್ತದೆ. ಮಕ್ಕಳ ತಂಡವಿರುವ ಕ್ಲಬ್‌ನಲ್ಲಿ ಅವರ ಕ್ಷೇಮ ನೋಡಿಕೊಳ್ಳುವ ಅಧಿಕಾರಿಯೊಬ್ಬರು ಇರಲೇಬೇಕು.

ನಮ್ಮ ಪೋಕ್ಸೊ ಕಾಯ್ದೆಯ 2020ರ ನಿಯಮಗಳು ಕ್ರೀಡಾ ಅಕಾಡೆಮಿಗಳನ್ನು ಹೆಸರಿಸಿಯೇ, ಸಿಬ್ಬಂದಿಗೆ ಕಾಲಕಾಲಕ್ಕೆ ಪೊಲೀಸ್ ಪರಿಶೀಲನೆಯೂ ತರಬೇತಿಯೂ ಆಗಬೇಕೆನ್ನುತ್ತವೆ. ಆದರೆ ಆ ವಾಕ್ಯ ಮಾತಾಡುವುದು ನೌಕರರ ಬಗ್ಗೆ. ಬೇಸಿಗೆ ಶಿಬಿರದಲ್ಲಿ ಕಬಡ್ಡಿ ಹೇಳಿಕೊಡಲು ಬರುವ ಅಣ್ಣ, ಟೂರ್ನಮೆಂಟಿಗೆ ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ಯುವ ಅಂಕಲ್ ಯಾರ ನೌಕರರೂ ಅಲ್ಲ. ಅವರ ಬಗ್ಗೆ ಕೇಳಬೇಕಾದವರು ಕ್ಲಬ್ಬಿನವರು ಮತ್ತು ಮಕ್ಕಳನ್ನು ಕಳಿಸುವ ನಾವು.